ಒಣ ಪ್ರದೇಶಗಳಲ್ಲಿ ಮಾರಾಟಕ್ಕಾಗಿ ಟಗರು ಮರಿಗಳನ್ನು ಮೇಯಿಸುವುದು: ರೈತರಿಗೆ ಮಾಹಿತಿ

ಪೀಠಿಕೆ

2019ರ 20ನೇ ಜಾನುವಾರು ಗಣತಿಯಂತೆ ಕರ್ನಾಟಕದಲ್ಲಿ ಸುಮಾರು 1.11 ಕೋಟಿ ಕುರಿಗಳಿದ್ದು, ತೆಲಂಗಾಣ ಮತ್ತು ಆಂಧ್ರ ಪ್ರದೇಶದ ನಂತರ ರಾಜ್ಯವು ಮೂರನೇ ಸ್ಥಾನದಲ್ಲಿತ್ತು. ಬಳ್ಳಾರಿ, ಕೊಪ್ಪಳ, ರಾಯಚೂರು, ಬಾಗಲಕೋಟೆ, ವಿಜಯಪುರ, ಚಿತ್ರದುರ್ಗ ಜಿಲ್ಲೆಗಳಲ್ಲಿ ಹಾಗೂ ತುಮಕೂರು ಜಿಲ್ಲೆಯ ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ಕುರಿ ಸಾಕಾಣಿಕೆಯು ಮಳೆಯಾಶ್ರಿತ ಬೇಸಾಯದ ಜೊತೆಗೆ ನಡೆದುಬಂದಿರುವ ಉಪಕಸುಬು. ಮಳೆ ಕೈಕೊಟ್ಟು ಬೆಳೆ ಹೋದ ವರ್ಷದಲ್ಲಿಯೂ ಮನೆಯ ಖರ್ಚಿಗೆ, ಮಕ್ಕಳ ಶಾಲೆಗೆ, ಸಾಲದ ಕಂತಿಗೆ ಹಣ ಒದಗಿಸುವುದು ಅನೇಕ ಕುಟುಂಬಗಳಲ್ಲಿ ಕೊಟ್ಟಿಗೆಯಲ್ಲಿರುವ ಟಗರುಗಳೇ ಆಗಿರುತ್ತವೆ.

ಹಾಲು ಬಿಟ್ಟ ಗಂಡು ಮರಿಗಳನ್ನು ಸುಮಾರು 100 ದಿನ ಕಟ್ಟಿ ಮೇಯಿಸಿ, ತೂಕ ಹೆಚ್ಚಿಸಿ ಮಾರುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಈ ಕಸುಬಿನಲ್ಲಿ ನಷ್ಟವು ಬಹುತೇಕ ಎರಡು ಕಡೆ ಉಂಟಾಗುತ್ತದೆ: ಮರಿ ತಂದ ಮೊದಲ ಮೂರು ವಾರಗಳಲ್ಲಿ ಮತ್ತು ಮಾರಾಟದ ದಿನ ಮುಂದೂಡಿದಾಗ. ಈ ಎರಡು ಅವಧಿಗಳಲ್ಲಿ ಎಚ್ಚರ ವಹಿಸಿದವರಿಗೆ ಉಳಿದ ದಿನಗಳ ಶ್ರಮಕ್ಕೆ ಪ್ರತಿಫಲ ದೊರೆಯುತ್ತದೆ.

ಮರಿಗಳ ಆಯ್ಕೆ

1. ತಳಿ: ಒಣ ಹವೆಗೆ ಒಗ್ಗಿದ ಸ್ಥಳೀಯ ತಳಿಗಳೇ ಸೂಕ್ತ. ಬಳ್ಳಾರಿ, ಡೆಕ್ಕನಿ ಮತ್ತು ಕೆಂಗುರಿ ತಳಿಗಳು ಉತ್ತರ ಹಾಗೂ ಮಧ್ಯ ಕರ್ನಾಟಕದ ಒಣ ಹವೆಗೆ ಹೊಂದಿಕೊಂಡಿವೆ.

2. ವಯಸ್ಸು ಮತ್ತು ತೂಕ: ಮೂರು ತಿಂಗಳು ತುಂಬಿದ, 12ರಿಂದ 15 ಕೆ.ಜಿ. ತೂಗುವ, ತಾಯಿಯ ಹಾಲು ಬಿಟ್ಟ ಮರಿಗಳನ್ನು ಆರಿಸಬೇಕು. ಒಂದೇ ಗಾತ್ರದ ಮರಿಗಳಿದ್ದರೆ ದೊಡ್ಡವು ಸಣ್ಣವುಗಳ ಪಾಲನ್ನು ಕಸಿಯುವುದಿಲ್ಲ.

3. ಆರೋಗ್ಯ: ಕಣ್ಣು ಚುರುಕಾಗಿರಬೇಕು. ಮೂಗಿನಲ್ಲಿ ಸಿಂಬಳ, ಬಾಲದ ಬುಡದಲ್ಲಿ ಭೇದಿಯ ಕಲೆ, ಕುಂಟುವಿಕೆ ಇರಬಾರದು. ಕಡಿಮೆ ಬೆಲೆಗೆ ದೊರೆಯುತ್ತದೆಂದು ಬಡಕಲು ಮರಿಯನ್ನು ಕೊಳ್ಳಬಾರದು.

4. ತೂಗಿ ಕೊಳ್ಳುವುದು: ಸಂತೆಗಳಲ್ಲಿ ಸಾಮಾನ್ಯವಾಗಿ ಕಣ್ಣಂದಾಜಿನಲ್ಲಿ ವ್ಯಾಪಾರ ನಡೆಯುತ್ತದೆ. ತೂಗುಹಾಕುವ ತಕ್ಕಡಿಯೊಂದನ್ನು ನಾಲ್ಕಾರು ರೈತರು ಸೇರಿ ಕೊಂಡರೂ ಸಾಕು. ಕೊಂಡ ದಿನದ ತೂಕ ತಿಳಿಯದವರಿಗೆ ಮಾರುವ ದಿನದ ಲಾಭ ತಿಳಿಯುವುದಿಲ್ಲ.

ವಸತಿ

ಪ್ರತಿ ಮರಿಗೆ ಸಾಕಷ್ಟು ಸ್ಥಳ ಬೇಕು. ನೆಲ ಒಣಗಿರಬೇಕು, ನೀರು ನಿಲ್ಲಬಾರದು. ಸ್ಥಳೀಯವಾಗಿ ದೊರೆಯುವ ಮರ, ಸೋಗೆ ಅಥವಾ ತಗಡಿನ ಚಾವಣಿ ಸಾಕಾಗುತ್ತದೆ. ಮೇವನ್ನು ನೆಲದ ಮೇಲೆ ಹಾಕದೆ ಗೋದಲಿಯಲ್ಲಿ ನೀಡಬೇಕು. ನೆಲದ ಮೇಲಿನ ಮೇವು ತುಳಿತಕ್ಕೆ ಸಿಕ್ಕಿ ಪೋಲಾಗುವುದಲ್ಲದೆ ಹಿಕ್ಕೆಯ ಮೂಲಕ ಜಂತುಗಳು ಹರಡುತ್ತವೆ. ಹೊಸದಾಗಿ ತಂದ ಮರಿಗಳನ್ನು ಮನೆಯ ಕುರಿಗಳೊಂದಿಗೆ ಎರಡು ಮೂರು ವಾರ ಬೆರೆಸಬಾರದು.

ಆಹಾರ ಕ್ರಮ

ಒಣ ಮೇವಿಗೆ ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಕಡಲೆ ಹೊಟ್ಟು, ಹುರುಳಿ ಹೊಟ್ಟು ಹಾಗೂ ಕತ್ತರಿಸಿದ ಜೋಳದ ಸೊಪ್ಪೆಯನ್ನು ಬಳಸಬಹುದು. ಸುಗ್ಗಿಯಲ್ಲಿ ಸಂಗ್ರಹಿಸಿಟ್ಟರೆ ಬೇಸಿಗೆಯಲ್ಲಿ ದುಬಾರಿ ಬೆಲೆ ತೆರುವುದು ತಪ್ಪುತ್ತದೆ. ಬದುಗಳಲ್ಲಿ ಬೆಳೆದ ಸುಬಾಬುಲ್ ಮತ್ತು ಚೊಗಚೆ ಸೊಪ್ಪು ಉತ್ತಮ ಹಸಿ ಮೇವು. ಆದರೆ ಸುಬಾಬುಲ್ ಒಟ್ಟು ಮೇವಿನ ಮೂರನೇ ಒಂದು ಭಾಗ ಮೀರಬಾರದು. ಮಳೆ ಕೊರತೆಯಿಂದ ಬಾಡಿದ ಎಳೆಯ ಜೋಳ ಮತ್ತು ಕೊಯಿಲಿನ ನಂತರ ಚಿಗುರಿದ ಕೂಳೆ ಜೋಳದಲ್ಲಿ ವಿಷಾಂಶವಿರುವುದರಿಂದ ಮರಿಗಳನ್ನು ಅತ್ತ ಬಿಡಬಾರದು.

ಮನೆಯಲ್ಲಿಯೇ ತಯಾರಿಸಬಹುದಾದ 100 ಕೆ.ಜಿ. ದಾಣಿ ಮಿಶ್ರಣದ ಪ್ರಮಾಣ:

ನುಚ್ಚು ಮಾಡಿದ ಮೆಕ್ಕೆಜೋಳ – 40 ಕೆ.ಜಿ.
ಶೇಂಗಾ ಹಿಂಡಿ – 25 ಕೆ.ಜಿ.
ಗೋಧಿ ಬೂಸಾ – 32 ಕೆ.ಜಿ.
ಖನಿಜ ಮಿಶ್ರಣ – 2 ಕೆ.ಜಿ.
ಉಪ್ಪು – 1 ಕೆ.ಜಿ.

ಬೂಷ್ಟು ಹಿಡಿದ ಶೇಂಗಾ ಹಿಂಡಿಯನ್ನು ಬಳಸಕೂಡದು.

ಪ್ರತಿ ಮರಿಗೆ ದಿನವೊಂದಕ್ಕೆ ನೀಡಬೇಕಾದ ದಾಣಿ:

1ರಿಂದ 3ನೇ ದಿನ – ದಾಣಿ ಬೇಡ; ಒಣ ಮೇವು ಮತ್ತು ನೀರು ಮಾತ್ರ
4ರಿಂದ 7ನೇ ದಿನ – 50 ಗ್ರಾಂ
ಎರಡನೇ ವಾರ – 100 ಗ್ರಾಂ
ಮೂರನೇ ವಾರ – 150 ಗ್ರಾಂ
ನಾಲ್ಕನೇ ವಾರ – 200 ಗ್ರಾಂ
ಐದನೇ ವಾರ – 250 ಗ್ರಾಂ
ಆರನೇ ವಾರದಿಂದ ಮಾರಾಟದವರೆಗೆ – 300 ಗ್ರಾಂ

ಇದರೊಂದಿಗೆ ದಿನಕ್ಕೆ ಸುಮಾರು 400 ಗ್ರಾಂ ಒಣ ಮೇವು ಮತ್ತು 500 ಗ್ರಾಂ ಹಸಿ ಮೇವು ನೀಡಬೇಕು. ದಾಣಿಯನ್ನು ಬೆಳಿಗ್ಗೆ ಮತ್ತು ಸಂಜೆ ಎರಡು ಭಾಗವಾಗಿ, ಒಣ ಮೇವು ತಿಂದ ನಂತರ ಕೊಡುವುದು ಒಳ್ಳೆಯದು. ಶುದ್ಧ ನೀರು ಸದಾ ದೊರೆಯಬೇಕು. ಕಾಳು ಹೆಚ್ಚು ತಿಂದು ನೀರು ಕಡಿಮೆ ಕುಡಿಯುವ ಟಗರುಗಳಲ್ಲಿ ಮೂತ್ರದ ಕಲ್ಲು ಉಂಟಾಗುವ ಸಂಭವವಿದೆ.

ರೋಗ ನಿಯಂತ್ರಣ

ಬಯಲಲ್ಲಿ ಮೇದು ಬಂದ ಮರಿಗೆ ಒಮ್ಮೆಲೇ ಹೆಚ್ಚು ಕಾಳು ನೀಡಿದಾಗ ಕರುಳಿನಲ್ಲಿರುವ ಸೂಕ್ಷ್ಮಜೀವಿಗಳು ವೇಗವಾಗಿ ವೃದ್ಧಿಸಿ ನಂಜು ಉತ್ಪಾದಿಸುತ್ತವೆ. ಇದುವೇ ಕರುಳುಬೇನೆ. ಈ ರೋಗದಿಂದ ಸಾಯುವುದು ಬಡಕಲು ಮರಿಯಲ್ಲ. ಚೆನ್ನಾಗಿ ತಿಂದು ಬೆಳೆಯುತ್ತಿರುವ ಅತ್ಯುತ್ತಮ ಮರಿ. ರಾತ್ರಿ ಆರೋಗ್ಯವಾಗಿದ್ದ ಮರಿ ಬೆಳಿಗ್ಗೆ ಸತ್ತಿರುವುದು ಸಾಮಾನ್ಯ. ಚಿಕಿತ್ಸೆಗೆ ಸಮಯ ಸಿಗುವುದು ವಿರಳವಾದ್ದರಿಂದ ಲಸಿಕೆಯೇ ಪ್ರಮುಖ ರಕ್ಷಣೆ. ಮೊದಲ ಲಸಿಕೆಯ ನಂತರ 14ರಿಂದ 21 ದಿನಗಳೊಳಗೆ ಎರಡನೇ ಪ್ರಮಾಣವನ್ನು ತಪ್ಪದೆ ಹಾಕಿಸಬೇಕು. ಮೇಲಿನ ಪಟ್ಟಿಯಲ್ಲಿ ಮೂರು ವಾರಗಳವರೆಗೆ ದಾಣಿಯನ್ನು ಮಿತಗೊಳಿಸಿರುವುದು ಈ ಕಾರಣಕ್ಕಾಗಿ.

ಪಿ.ಪಿ.ಆರ್. ರೋಗದ ವಿರುದ್ಧ ಮೂರು ತಿಂಗಳು ಮೀರಿದ ಮರಿಗಳಿಗೆ ಲಸಿಕೆ ಹಾಕಿಸಬೇಕು. ಸಿಡುಬು, ಕಾಲುಬಾಯಿ ಹಾಗೂ ನೀಲಿ ನಾಲಿಗೆ ರೋಗಗಳ ಲಸಿಕೆಯನ್ನು ಸ್ಥಳೀಯ ಪಶುವೈದ್ಯರ ಸಲಹೆಯಂತೆ ಹಾಕಿಸಬೇಕು. ಮರಿ ತಂದ ವಾರದೊಳಗೆ ಜಂತುನಾಶಕ ಕುಡಿಸಬೇಕು. ಯಾವುದೇ ಔಷಧಿ ನೀಡಿದ ನಂತರ ಪಶುವೈದ್ಯರು ಸೂಚಿಸಿದ ಅವಧಿ ಮುಗಿಯುವವರೆಗೆ ಪ್ರಾಣಿಯನ್ನು ಮಾಂಸಕ್ಕೆ ಮಾರಕೂಡದು. ತುರ್ತು ಪಶುವೈದ್ಯಕೀಯ ಸೇವೆಗೆ ಶುಲ್ಕರಹಿತ ದೂರವಾಣಿ 1962ನ್ನು ಸಂಪರ್ಕಿಸಬಹುದು.

ಲೆಕ್ಕ ಪತ್ರ

ಉದಾಹರಣೆಗೆ, 13 ಕೆ.ಜಿ. ತೂಕದ 20 ಮರಿಗಳು ದಿನಕ್ಕೆ ಸರಾಸರಿ 100 ಗ್ರಾಂನಂತೆ ಬೆಳೆದರೆ 100 ದಿನಗಳಲ್ಲಿ ತಲಾ 23 ಕೆ.ಜಿ. ತೂಗುತ್ತವೆ. ಅಂದರೆ ಒಟ್ಟು 200 ಕೆ.ಜಿ. ತೂಕ ಹೆಚ್ಚಾಗುತ್ತದೆ. ಇದಕ್ಕೆ ಅಂದಾಜು 500 ಕೆ.ಜಿ. ದಾಣಿ, 800 ಕೆ.ಜಿ. ಒಣ ಮೇವು ಮತ್ತು 1,000 ಕೆ.ಜಿ. ಹಸಿ ಮೇವು ಬೇಕು. ರೈತರು ತಮ್ಮ ಊರಿನ ದರಗಳನ್ನು ಇದಕ್ಕೆ ಅನ್ವಯಿಸಿ, ಮರಿ ಕೊಳ್ಳುವ ಮೊದಲೇ ಖರ್ಚು ಲೆಕ್ಕ ಹಾಕಿಕೊಳ್ಳಬೇಕು.

ಕೊನೆಯ ವಾರದಲ್ಲಿ 23 ಕೆ.ಜಿ.ಯ ಒಂದು ಮರಿ ಸತ್ತರೆ, ಉಳಿದವುಗಳಲ್ಲಿ ಎರಡು ಮರಿಗಳು ಇಡೀ ಅವಧಿಯಲ್ಲಿ ಗಳಿಸಿದ ತೂಕಕ್ಕಿಂತ ಹೆಚ್ಚು ನಷ್ಟವಾಗುತ್ತದೆ. ಲಸಿಕೆಯ ಮಹತ್ವವನ್ನು ಇದರಿಂದ ಅರಿಯಬಹುದು.

ಹದಿನೈದು ದಿನಗಳಿಗೊಮ್ಮೆ ಮರಿಗಳನ್ನು ತೂಗಿ ಪುಸ್ತಕದಲ್ಲಿ ಬರೆದಿಡಬೇಕು. ಮರಿಗಳು ಆರೋಗ್ಯವಾಗಿದ್ದೂ ಎರಡು ಬಾರಿ ಸತತವಾಗಿ ಬೆಳವಣಿಗೆ ಕುಂಠಿತವಾದರೆ, ತಿನ್ನುವ ಮೇವಿನ ಬೆಲೆ ಬೆಳೆಯುವ ಮಾಂಸದ ಬೆಲೆಯನ್ನು ಮೀರುತ್ತಿದೆಯೇ ಎಂದು ಪರಿಶೀಲಿಸಿ, ಮೀರುತ್ತಿದ್ದರೆ ಮಾರಾಟ ಮಾಡುವುದು ಸೂಕ್ತ.

ಮಾರಾಟ

ಬಾಗಲಕೋಟೆ ಜಿಲ್ಲೆಯ ಅಮೀನಗಡ ಮತ್ತು ಕೆರೂರು, ತುಮಕೂರು ಜಿಲ್ಲೆಯ ಶಿರಾ ಮೊದಲಾದ ಕಡೆ ಕುರಿ ಸಂತೆಗಳು ನಡೆಯುತ್ತವೆ. ಸಂತೆಗೆ ಒಯ್ಯುವ ಮುನ್ನ ಮನೆಯಲ್ಲಿಯೇ ತೂಗಬೇಕು. ಜೀವಂತ ತೂಕದ ಸುಮಾರು ಶೇ. 45ರಿಂದ 50ರಷ್ಟು ಮಾಂಸ ದೊರೆಯುವುದರಿಂದ, ಊರಿನ ಮಾಂಸದ ದರ ತಿಳಿದಿದ್ದರೆ ದಲ್ಲಾಳಿಗಳೊಂದಿಗೆ ಚೌಕಾಶಿ ಮಾಡಲು ಆಧಾರ ಸಿಗುತ್ತದೆ.

ಯುಗಾದಿಯ ಮರುದಿನದ ಹೊಸತೊಡಕು, ಊರಿನ ಜಾತ್ರೆಗಳು ಮತ್ತು ಬಕ್ರೀದ್ ಸಂದರ್ಭಗಳಲ್ಲಿ ಬೇಡಿಕೆ ಹೆಚ್ಚು. ಬಕ್ರೀದ್ ಪ್ರತಿ ವರ್ಷ 10ರಿಂದ 12 ದಿನ ಮುಂಚೆ ಬರುತ್ತದೆ. 2024ರಲ್ಲಿ ಜೂನ್ 17ರಂದು ಬಂದ ಹಬ್ಬವು 2025ರಲ್ಲಿ ಜೂನ್ 7ಕ್ಕೆ ಬಂದಿತು. ಆದ್ದರಿಂದ ಹಿಂದಿನ ವರ್ಷದ ತಿಂಗಳನ್ನು ನಂಬದೆ, ಆಯಾ ವರ್ಷದ ದಿನಾಂಕದಿಂದ ಹಿಂದಕ್ಕೆ ಎಣಿಸಿ ಮರಿ ಕೊಳ್ಳಬೇಕು. ಈ ಹಬ್ಬಕ್ಕೆ ವರ್ಷ ತುಂಬಿದ ಟಗರುಗಳನ್ನು ಕೇಳುವವರು ಹೆಚ್ಚಾಗಿರುವುದರಿಂದ 9–10 ತಿಂಗಳ ಮರಿಗಳನ್ನು ಆರಿಸಿ, ಅವುಗಳ ತೂಕಕ್ಕೆ ತಕ್ಕಂತೆ ಮೇವನ್ನು ಹೆಚ್ಚಿಸಬೇಕು.

ಅರ್ಜಿದಾರರ ಗಮನಕ್ಕೆ

1. ಕಿಸಾನ್ ಕ್ರೆಡಿಟ್ ಕಾರ್ಡ್ ಸೌಲಭ್ಯವನ್ನು ಪಶುಸಂಗೋಪನೆಗೂ ವಿಸ್ತರಿಸಲಾಗಿದ್ದು, ಮೇವು, ಔಷಧೋಪಚಾರ ಮುಂತಾದ ದುಡಿಯುವ ಬಂಡವಾಳಕ್ಕೆ ಬ್ಯಾಂಕಿನಲ್ಲಿ ಅರ್ಜಿ ಸಲ್ಲಿಸಬಹುದು. ಸ್ವಂತ ಕೊಟ್ಟಿಗೆ ಇಲ್ಲದಿದ್ದರೂ ಬಾಡಿಗೆ ಅಥವಾ ಗುತ್ತಿಗೆಗೆ ಪಡೆದ ಕೊಟ್ಟಿಗೆಯಲ್ಲಿ ಸಾಕುವವರೂ, ಸ್ವಸಹಾಯ ಗುಂಪುಗಳೂ ಅರ್ಹರು.

2. ರಾಷ್ಟ್ರೀಯ ಜಾನುವಾರು ಮಿಷನ್‌ನ ಉದ್ಯಮಶೀಲತಾ ಸಹಾಯಧನವು 100 ಹೆಣ್ಣು ಕುರಿ ಮತ್ತು 5 ಟಗರು ಅಥವಾ ಅದಕ್ಕಿಂತ ದೊಡ್ಡ ತಳಿ ಸಂವರ್ಧನಾ ಘಟಕಗಳಿಗೆ ಸಂಬಂಧಿಸಿದ್ದು. ಗಂಡು ಮರಿಗಳನ್ನು ಮಾತ್ರ ಕೊಂಡು ಮೇಯಿಸುವವರು ಈ ವ್ಯತ್ಯಾಸ ಗಮನಿಸಿ ಸೂಕ್ತ ಯೋಜನೆಗೆ ಅರ್ಜಿ ಸಲ್ಲಿಸಬೇಕು.

3. ವಿಮೆ ಮಾಡಿಸಿದ ಪ್ರಾಣಿಯ ಕಿವಿಯೋಲೆಯನ್ನು ಜೋಪಾನ ಮಾಡಬೇಕು. ಪ್ರಾಣಿ ಸತ್ತಲ್ಲಿ ಹೂಳುವ ಮೊದಲೇ ಸಮೀಪದ ಪಶುವೈದ್ಯ ಸಂಸ್ಥೆಗೆ ತಿಳಿಸಿ ಮರಣೋತ್ತರ ಪರೀಕ್ಷೆ ಮಾಡಿಸಬೇಕು. ರಾಜ್ಯದ ಅನುಗ್ರಹ ಯೋಜನೆಯಡಿ ಪರಿಹಾರ ಕೋರುವವರಿಗೂ ಇದು ಅನ್ವಯಿಸುತ್ತದೆ. ಪರೀಕ್ಷೆಯಿಲ್ಲದೆ ಹೂತ ಪ್ರಾಣಿಗೆ ಪರಿಹಾರ ಪಡೆಯುವುದು ಕಷ್ಟಸಾಧ್ಯ.

4. ಖರೀದಿ ದಿನಾಂಕ, ಬೆಲೆ, ತೂಕ, ಲಸಿಕೆ ವಿವರ ಮತ್ತು ಮಾರಾಟದ ವಿವರಗಳನ್ನು ಬರೆದಿಟ್ಟ ಪುಸ್ತಕವು ಬ್ಯಾಂಕಿನಲ್ಲಿ ಮುಂದಿನ ಸಾಲ ಕೇಳುವಾಗಲೂ ಉಪಯುಕ್ತ ದಾಖಲೆಯಾಗುತ್ತದೆ.

ಹೆಚ್ಚಿನ ಮಾಹಿತಿಗೆ ಸಮೀಪದ ಪಶು ಚಿಕಿತ್ಸಾಲಯ ಅಥವಾ ತಾಲ್ಲೂಕು ಪಶು ಆಸ್ಪತ್ರೆಯ ಸಹಾಯಕ ನಿರ್ದೇಶಕರನ್ನು ಸಂಪರ್ಕಿಸಲು ಕೋರಲಾಗಿದೆ.