ಪಾದ್ರಿಗಳಿಗೆ ಪಾಠ ಹೇಳಿದ ಮುನ್ಶಿ

1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದ ಕತೆ ನಮಗೆಲ್ಲ ಗೊತ್ತು. ಅದಕ್ಕೂ ಮೊದಲೇ ಸಮುದ್ರದಾಚೆ ಮಲಾಕ್ಕಾದಲ್ಲಿ ಮಿಶನರಿಗಳು ಅಚ್ಚಿನ ಕೆಲಸ ಶುರು ಮಾಡಿದ್ದರು. ಅಲ್ಲಿ ನನಗೆ ಬಹಳ ಇಷ್ಟವಾದವನು ಒಬ್ಬ ಮುನ್ಶಿ. ಅವನ ಬಗ್ಗೆ ಬರೆಯಲೇಬೇಕು ಅನ್ನಿಸಿತು.

1815ರಲ್ಲಿ ಲಂಡನ್ ಮಿಶನರಿ ಸೊಸೈಟಿಯ ವಿಲಿಯಂ ಮಿಲ್ನ್ ಮಲಾಕ್ಕಾಕ್ಕೆ ಬಂದರು (1810ರಲ್ಲಿ ಬಳ್ಳಾರಿಗೆ ಜಾನ್ ಹ್ಯಾಂಡ್ಸ್‌ರನ್ನು ಕಳಿಸಿದ್ದೂ ಇದೇ ಸೊಸೈಟಿ). ಗುರಿ ಇದ್ದದ್ದು ಚೀನಾ. ಆದರೆ ಅಲ್ಲಿ ಮತಪ್ರಚಾರಕ್ಕೆ ನಿಷೇಧ. ಚೀನೀಯರು ಬಂದು ನೆಲೆಸಿದ್ದ ಮಲಾಕ್ಕಾದಲ್ಲಿ ಕೂತು, ಬಾಗಿಲು ತೆರೆಯುವವರೆಗೆ ಕಾಯೋಣ ಅನ್ನೋದು ಲೆಕ್ಕಾಚಾರ. ಅದೇ ವರ್ಷ ಒಂದು ಚೀನೀ ಮಾಸಪತ್ರಿಕೆ ಶುರುವಾಯಿತು. ಮರದ ಹಲಗೆಯಲ್ಲಿ ಅಕ್ಷರ ಕೆತ್ತುತ್ತಿದ್ದ ಲಿಯಾಂಗ್ ಫಾ 1816ರಲ್ಲಿ ಕ್ರೈಸ್ತನಾಗಿ, ಮುಂದೆ ತಾನೇ ಪ್ರಚಾರಕನಾದ. 1818ರಲ್ಲಿ ಆಂಗ್ಲೋ-ಚೈನೀಸ್ ಕಾಲೇಜೂ ಬಂತು.

ಮಲಯರ ನಡುವೆ ಮಾತ್ರ ಕೆಲಸ ಸಾಗಲಿಲ್ಲ. ಅವರು ಮುಸ್ಲಿಮರು, ಮತ ಬಿಟ್ಟವರು ತೀರಾ ಕಡಿಮೆ. ಪಾದ್ರಿಗಳಿಗೆ ಮಲಯ ಭಾಷೆ ಕಲಿಸಿದ ಮುನ್ಶಿ ಅಬ್ದುಲ್ಲಾನೇ ಮತ ಬಿಡಲಿಲ್ಲ! ಮಲಾಕ್ಕಾದಲ್ಲೇ ಹುಟ್ಟಿದ ಈತನದು ಅರಬ್-ತಮಿಳು ಮೂಲದ ಮನೆತನ. ಪಾದ್ರಿಗಳ ಸಹವಾಸ ಮಾಡಿದ್ದಕ್ಕೆ ಊರವರು ‘ಅಬ್ದುಲ್ಲಾ ಪಾದ್ರಿ’ ಅಂತ ಅಡ್ಡಹೆಸರು ಇಟ್ಟರು.

ಸುವಾರ್ತೆಯ ಅನುವಾದ ತಿದ್ದುವಾಗ ಥಾಮ್ಸೆನ್ ಎಂಬ ಪಾದ್ರಿಯ ಜೊತೆ ಇವನಿಗೆ ಜಟಾಪಟಿ. ಪದಗಳೇನೋ ಮಲಯದವು, ವಾಕ್ಯದ ಜಾಡು ಮಾತ್ರ ಇಂಗ್ಲಿಷಿನದು; ಇದು ನಮ್ಮ ಭಾಷೆಯೇ ಅಲ್ಲ ಅನ್ನೋದು ಮುನ್ಶಿಯ ತಕರಾರು. ಧರ್ಮ ಬೇರೆಯವರದಾದರೂ ಭಾಷೆ ತನ್ನದಲ್ಲವೇ... ಅದು ಕೆಡಬಾರದು ಅಂತ ಹಟ ಹಿಡಿದ ಮನುಷ್ಯ.

1842ರ ನಾನ್‌ಕಿಂಗ್ ಒಪ್ಪಂದದಿಂದ ಚೀನಾದ ಬಂದರುಗಳು ತೆರೆದವು. 1843ರಲ್ಲಿ ಕಾಲೇಜು ಹಾಂಗ್‌ಕಾಂಗ್‌ಗೆ ಹೋಯಿತು, ಪಾದ್ರಿಗಳೂ ಒಬ್ಬೊಬ್ಬರಾಗಿ ಹೊರಟರು. ಸಿಂಗಪುರದಲ್ಲಿದ್ದ ಬೆಂಜಮಿನ್ ಕೀಸ್ಬೆರಿ ಮಾತ್ರ ಮಲಯರನ್ನು ಬಿಟ್ಟು ಹೋಗಲು ಒಪ್ಪದೆ, ಸೊಸೈಟಿಯನ್ನೇ ಬಿಟ್ಟು, ಅಚ್ಚುಕೂಟ ನಡೆಸಿಕೊಂಡು ಅಲ್ಲೇ ಉಳಿದರು. 1849ರಲ್ಲಿ ಆ ಅಚ್ಚುಕೂಟದಿಂದಲೇ ಅಬ್ದುಲ್ಲಾನ ಆತ್ಮಕಥೆ ‘ಹಿಕಾಯತ್ ಅಬ್ದುಲ್ಲಾ’ ಹೊರಬಂತು. ಥಾಮ್ಸೆನ್ ಜೊತೆಗಿನ ಜಗಳವೂ ಅದರಲ್ಲಿದೆ! ಹೊಸ ಮಲಯ ಗದ್ಯ ಶುರುವಾದದ್ದೇ ಇವನಿಂದ ಅನ್ನುವವರಿದ್ದಾರೆ.

1854ರಲ್ಲಿ ಹಜ್ ಯಾತ್ರೆಗೆ ಹೋದ ಅಬ್ದುಲ್ಲಾ ತಿರುಗಿ ಬರಲಿಲ್ಲ. ಊರವರು ‘ಪಾದ್ರಿ’ ಅಂದವನು ಕೊನೆಗೆ ಹೊರಟದ್ದು ಮೆಕ್ಕಾದ ದಾರಿಯಲ್ಲಿ.

ನಮ್ಮಲ್ಲೂ ಮಿಶನರಿಗಳಿಗೆ ಕನ್ನಡ ಕಲಿಸಿದ ಮುನ್ಶಿಗಳು, ಪಂಡಿತರು ಇದ್ದರಲ್ಲ. ಕಿಟ್ಟೆಲ್ ಹೆಸರು ಎಲ್ಲರಿಗೂ ಗೊತ್ತು. ಅವರಿಗೆ ಪಾಠ ಹೇಳಿದವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?