ಹುಡೇವು

ಹುಡೇವು: ದಾಳಿಕೋರರ ಬರವನ್ನು ದೂರದಿಂದಲೇ ಗುರುತಿಸಲು, ದಾಳಿಯಾದಾಗ ಜನರಿಗೆ ಆಸರೆಯಾಗಲು ಊರ ನಡುವೆಯೋ ಕೋಟೆಗೋಡೆಯ ಮೂಲೆಯಲ್ಲೋ ಕಟ್ಟುತ್ತಿದ್ದ ದುಂಡನೆಯ ಗೋಪುರ. ಹುಡೇ, ಬುರುಜು, ಕೊತ್ತಳ ಎಂಬ ಹೆಸರುಗಳೂ ರೂಢಿಯಲ್ಲಿವೆ. ಕೊಪ್ಪಳ, ಗದಗ, ರಾಯಚೂರು ಜಿಲ್ಲೆಗಳ ಎರೆಸೀಮೆಯಲ್ಲಿ ಮತ್ತು ತುಂಗಭದ್ರೆಯಾಚೆಯ ಬಳ್ಳಾರಿ ಭಾಗದಲ್ಲಿ ಇಂಥ ಕಟ್ಟಡಗಳು ಇಂದಿಗೂ ಕಾಣಸಿಗುತ್ತವೆ. ಹುಡೇದ ಎಂಬ ಅಡ್ಡಹೆಸರಿನ ಮನೆತನಗಳೂ ಈ ಕಡೆ ಇವೆ.

ಹುಡೇವು ಈ ಸೀಮೆಯಲ್ಲಿ ಏಕೆ ಬೇಕಾಯಿತೆಂಬುದನ್ನು ನೆಲವೇ ಹೇಳುತ್ತದೆ. ಕೊಪ್ಪಳದಿಂದ ಮುಂಡರಗಿಯ ದಾರಿ ಹಿಡಿದು ಅಳವಂಡಿಯ ಕಡೆ ಹೊರಟರೆ ಸಿಗುವುದು ಹಾಸಿಬಿಟ್ಟ ಕರಿಮಣ್ಣಿನ ಹೊಲಗಳು. ಇಂಥ ಬಯಲಿನಲ್ಲಿ ನೆಲದ ಮೇಲೆ ನಿಂತವನ ಕಣ್ಣಿಗೆ ದಿಗಂತ ಹೆಚ್ಚೆಂದರೆ ನಾಲ್ಕೂವರೆ ಕಿ.ಮೀ. ದೂರ. ಹತ್ತು ಮೀಟರ್ ಎತ್ತರ ಏರಿದರೆ ಅದು ಹನ್ನೊಂದು ಕಿ.ಮೀ.ಗಿಂತ ಆಚೆ ಸರಿಯುತ್ತದೆ. ಗಂಟೆಗೆ ಇಪ್ಪತ್ತು ಕಿ.ಮೀ. ವೇಗದಲ್ಲಿ ಬರುವ ಕುದುರೆ ಸವಾರರು ಅಷ್ಟು ದೂರ ಕ್ರಮಿಸಲು ಅರ್ಧ ಗಂಟೆ ಬೇಕು. ಹೊಲದಲ್ಲಿದ್ದವರನ್ನು ಕೂಗಿ ಕರೆಯಲು, ದನಕರುಗಳನ್ನು ಒಳಗೆ ಹೊಡೆಯಲು, ಅಗಸಿಯ ಬಾಗಿಲು ಹಾಕಲು ಆ ಅರ್ಧ ಗಂಟೆ ಸಾಕಾಗುತ್ತಿತ್ತು. ಹುಡೇವಿನ ಬೆಲೆಯೆಲ್ಲ ಆ ಅವಕಾಶದಲ್ಲಿತ್ತು.

ಎತ್ತರದಿಂದ ಕಾಯುವ ಪದ್ಧತಿ ಯುದ್ಧದಲ್ಲಷ್ಟೇ ಅಲ್ಲ, ಒಕ್ಕಲುತನದಲ್ಲೂ ಇದೆ. ಬಿಳಿಜೋಳ ತೆನೆ ಕಟ್ಟುವ ಹೊತ್ತಿಗೆ ಹೊಲದ ನಡುವೆ ಕಂಬ ನೆಟ್ಟು ಅಟ್ಟ ಹಾಕಿ, ಅದರ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವುದು ಇಲ್ಲಿನ ರೈತರ ಹಳೆಯ ರೂಢಿ. ಅಟ್ಟವನ್ನು ಸುಗ್ಗಿ ಮುಗಿದ ಮೇಲೆ ಬಿಚ್ಚುತ್ತಾರೆ. ಹುಡೇವನ್ನು ತಲೆಮಾರುಗಳಿಗಾಗಿ ಕಟ್ಟಿದರು.

ರಚನೆ ಸರಳ. ಹೊರಮೈಗೆ ಕಾಡುಗಲ್ಲು, ಒಳಗೆ ಮಣ್ಣು ಮತ್ತು ಕಲ್ಲುಚೂರಿನ ಗಟ್ಟಿ ತುಂಬು. ಬುಡ ಅಗಲವಾಗಿದ್ದು ಮೇಲಕ್ಕೆ ಹೋದಂತೆ ಸುತ್ತಳತೆ ಕಿರಿದಾಗುತ್ತದೆ. ಇದರಿಂದ ಒಳಗಿನ ಮಣ್ಣಿನ ಒತ್ತಡವನ್ನು ಗೋಡೆ ತಾಳಿಕೊಳ್ಳುತ್ತದೆ. ದುಂಡು ಆಕಾರಕ್ಕೆ ಎರಡು ಕಾರಣಗಳಿವೆ. ಮೂಲೆಗಳಿಲ್ಲದ ಕಾರಣ ಗುಂಡಿನ ಏಟಿಗೆ ಕಲ್ಲು ಬೇಗ ಸಡಿಲವಾಗುವುದಿಲ್ಲ. ಮೇಲೆ ನಿಂತ ಕಾವಲುಗಾರನಿಗೆ ಕಾಣದ ಮಗ್ಗುಲೂ ಕಡಿಮೆ. ತುದಿಯಲ್ಲಿ ಎದೆಮಟ್ಟದ ಗೋಡೆ, ಅದರಲ್ಲಿ ಕೋವಿ ತೂರಿಸುವ ಕಂಡಿಗಳು. ಕೆಲವು ಕಡೆ ಬಾಗಿಲನ್ನು ನೆಲಮಟ್ಟದಲ್ಲಿಡದೆ ಎತ್ತರದಲ್ಲಿಟ್ಟು ಏಣಿಯಿಂದ ಹತ್ತಿ, ಏಣಿಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಊರ ಕಾವಲಿನ ಹೊಣೆ ಹೊತ್ತವರು ತಳವಾರರು ಮತ್ತು ವಾಲಿಕಾರರು.

ದಾಳಿಯ ಭಯಕ್ಕೆ ಚರಿತ್ರೆಯ ಆಧಾರವಿದೆ. ಕೃಷ್ಣಾ–ತುಂಗಭದ್ರಾ ನದಿಗಳ ನಡುವಣ ದೋಆಬ್‌ಗಾಗಿ ಬಹಮನಿಗಳು ಮತ್ತು ವಿಜಯನಗರದ ಅರಸರು, ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು ತಲೆಮಾರುಗಳ ಕಾಲ ಹೋರಾಡಿದರು. 1677ರಲ್ಲಿ ಯಲಬುರ್ಗಾದ ಬಳಿ ಹಂಬೀರರಾವ್ ಮೋಹಿತೆಯ ಮರಾಠ ಪಡೆ ಬಿಜಾಪುರದ ಸರದಾರ ಹುಸೇನ್ ಖಾನ್ ಮಿಯಾನನನ್ನು ಸೋಲಿಸಿತು. ಕೊಪ್ಪಳದ ಕೋಟೆ 1786ರಲ್ಲಿ ಪಾಳೆಯಗಾರನ ಕೈಯಿಂದ ಟಿಪ್ಪುವಿನ ವಶಕ್ಕೆ ಬಂತು. ಫ್ರೆಂಚ್ ಎಂಜಿನಿಯರುಗಳ ನೆರವಿನಿಂದ ಅವನು ಅದನ್ನು ಬಲಪಡಿಸಿದ. 1790–91ರಲ್ಲಿ ನಿಜಾಮ ಮತ್ತು ಬ್ರಿಟಿಷರ ಪಡೆಗಳು ಸುಮಾರು ಆರು ತಿಂಗಳು ಮುತ್ತಿಗೆ ಹಾಕಬೇಕಾಯಿತು. ತಾನು ಭಾರತದಲ್ಲಿ ಕಂಡ ಕೋಟೆಗಳಲ್ಲೆಲ್ಲ ಇದೇ ಬಲಿಷ್ಠವೆಂದು ಬ್ರಿಟಿಷ್ ಅಧಿಕಾರಿ ಸರ್ ಜಾನ್ ಮಾಲ್ಕಮ್ ಹೇಳಿದ್ದಾನೆ. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಕೊನೆಯ ಹೋರಾಟ ನಡೆಸಿದ್ದೂ ಇದೇ ಕೋಟೆಯಲ್ಲಿ. ದೊಡ್ಡ ಸೈನ್ಯಗಳು ಕೋಟೆಗಾಗಿ ಕಾದಾಡಿದರೆ, ಅವುಗಳ ಬೆನ್ನಿಗೆ ಬರುತ್ತಿದ್ದ ಲೂಟಿಗಾರರು ನುಗ್ಗುತ್ತಿದ್ದುದು ಹಳ್ಳಿಗಳಿಗೆ. ಹಳ್ಳಿಯವರಿಗೆ ಬೆಟ್ಟದ ಕೋಟೆ ದೂರವಾಗಿತ್ತು. ಅವರ ಪಾಲಿನ ಕೋಟೆಯೆಂದರೆ ಹುಡೇವೇ. 1817–18ರ ಯುದ್ಧದಲ್ಲಿ ಪಿಂಡಾರಿಗಳೆಂಬ ಲೂಟಿಗಾರರ ದಮನವಾದ ಮೇಲೆ ಅದರ ಅಗತ್ಯ ಕ್ರಮೇಣ ಕಡಿಮೆಯಾಯಿತು. ಆದರೆ ಅಳವಂಡಿಯ ಕಡೆಯ ಜನರಿಗೆ ರಾತ್ರಿಯ ಎಚ್ಚರ ಅಷ್ಟು ಬೇಗ ತಪ್ಪಲಿಲ್ಲ. ಊರು ನಿಜಾಮ ಸಂಸ್ಥಾನದ ಅಂಚಿನಲ್ಲಿತ್ತು, ಮುಂಡರಗಿ ಮುಂಬಯಿ ಪ್ರಾಂತದಲ್ಲಿತ್ತು. 1947–48ರಲ್ಲಿ ನಿಜಾಮನ ಪರವಾದ ರಜಾಕಾರರ ಹಾವಳಿಯ ದಿನಗಳಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿದ್ದ ಹೋರಾಟಗಾರರ ಗಡಿ ಶಿಬಿರದ ಮುಂದಾಳಾಗಿದ್ದರು.

ಕರ್ನಾಟಕದಲ್ಲಿ ಈ ಬಗೆಯ ಕಟ್ಟಡದ ಭವ್ಯ ಮಾದರಿ ವಿಜಯಪುರದ (ಹಿಂದಿನ ಬಿಜಾಪುರ) ಉಪಲಿ ಬುರುಜು. 1584ರಲ್ಲಿ ಹೈದರ್ ಖಾನ್ ಎಂಬ ಸರದಾರ ಕಟ್ಟಿಸಿದ ಕಾರಣ ಹೈದರ್ ಬುರುಜು ಎಂದೂ ಕರೆಯುತ್ತಾರೆ. ಎತ್ತರ ಸುಮಾರು 80 ಅಡಿ. ಉಳಿದ ಬುರುಜುಗಳಂತೆ ಕೋಟೆಗೋಡೆಗೆ ಅಂಟಿಕೊಳ್ಳದೆ ಊರೊಳಗಿನ ದಿಬ್ಬದ ಮೇಲೆ ಒಂಟಿಯಾಗಿ ನಿಂತಿದೆ. ಮೆಟ್ಟಿಲುಗಳು ಹೊರಮೈಯನ್ನೇ ಬಳಸಿ ಸುರುಳಿಯಾಗಿ ಏರುತ್ತವೆ. ಹತ್ತುವವನಿಗೆ ಒಂದೊಂದು ಸುತ್ತಿಗೂ ಊರು ಇನ್ನಷ್ಟು ತೆರೆದುಕೊಳ್ಳುತ್ತ ಹೋಗುತ್ತದೆ. ತುದಿಯಲ್ಲಿ ಎರಡು ತೋಪುಗಳಿವೆ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ ಬಳೆಗಳಿಂದ ಬಿಗಿದ ಇವುಗಳಲ್ಲಿ ಉದ್ದನೆಯದು 30 ಅಡಿಗೂ ಹೆಚ್ಚು. ಅಲಿ ಆದಿಲ್‌ಶಾಹ ಊರ ಕೋಟೆ ಕಟ್ಟಿಸುವಾಗ ಹೈದರ್ ಖಾನ್ ಊರಲ್ಲಿರಲಿಲ್ಲ, ಹಾಗಾಗಿ ಆಮೇಲೆ ಎಲ್ಲ ಬುರುಜುಗಳನ್ನು ಮೀರಿಸುವಂತೆ ಇದನ್ನು ಕಟ್ಟಿದ ಎಂದು ಐತಿಹ್ಯ. ಮೇಲೆ ನಿಂತರೆ ಪೂರ್ವಕ್ಕೆ ಗೋಲಗುಮ್ಮಟ ಸೇರಿದಂತೆ ಇಡೀ ಊರು ಕಣ್ಣಿಗೆ ಬೀಳುತ್ತದೆ. ಹಂಪಿಯ ಜನಾನಾ ಆವರಣದ ಕಾವಲುಗೋಪುರಗಳು ಇನ್ನೊಂದು ಬಗೆಯವು. ಅವು ಎತ್ತರಕ್ಕಿಂತ ಕಿಟಕಿ, ಮೊಗಸಾಲೆಗಳ ಅಂದಕ್ಕೆ ಹೆಸರಾಗಿವೆ.

ಇವೆಲ್ಲ ಕಾವಲಿನ ಗೋಪುರಗಳು. ಕೇವಲ ನೋಟಕ್ಕಾಗಿ, ಟಿಕೆಟ್ಟು ಕೊಟ್ಟು ಗೋಪುರ ಹತ್ತುವ ಅಭ್ಯಾಸ ಜಗತ್ತಿನಲ್ಲಿ ಬಲವಾಗಿ ಹಬ್ಬಿದ್ದು 1889ರಲ್ಲಿ ಪ್ಯಾರಿಸ್‌ನ ವಸ್ತುಪ್ರದರ್ಶನಕ್ಕಾಗಿ ಐಫೆಲ್ ಗೋಪುರ ಎದ್ದ ಮೇಲೆ. ಅದರ 276 ಮೀಟರ್ ಎತ್ತರದ ಮೇಲ್ಮಹಡಿಯಿಂದ ದಿಗಂತ ಲೆಕ್ಕದ ಪ್ರಕಾರ 59 ಕಿ.ಮೀ. ದೂರ. ಟೊರಾಂಟೊದ 553 ಮೀಟರ್ ಎತ್ತರದ ಸಿಎನ್ ಗೋಪುರ (1976), ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ (2010) ಅದೇ ದಾರಿಯಲ್ಲಿ ಬಂದವು. ಐಫೆಲ್ ಗೋಪುರದ ಕಥೆಯಲ್ಲಿ ಹುಡೇವಿಗೆ ತಿರುಗುಮುರುಗಾದ ಒಂದು ಸಂಗತಿಯಿದೆ. ಅದಕ್ಕೆ ಸಿಕ್ಕ ಪರವಾನಗಿ ಇಪ್ಪತ್ತೇ ವರ್ಷದ್ದು. ಆಮೇಲೆ ಕೆಡವಬೇಕಿದ್ದ ಅದನ್ನು ಉಳಿಸಿದ್ದು ಸೈನ್ಯಕ್ಕೆ ಒದಗಿದ ತಂತಿರಹಿತ ಸಂದೇಶದ ಬಳಕೆ. ನೋಟಕ್ಕಾಗಿ ಹುಟ್ಟಿದ ಗೋಪುರ ಕಾವಲಿನ ಕೆಲಸದಿಂದ ಬದುಕಿತು. ಕಾವಲಿಗಾಗಿ ಹುಟ್ಟಿದ ಹುಡೇವಿಗೆ ಕಾವಲು ಮುಗಿದ ಮೇಲೆ ನೋಟದ ಕೆಲಸವನ್ನು ಯಾರೂ ಕೊಡಲಿಲ್ಲ.

ಕೊಪ್ಪಳ ಜಿಲ್ಲೆಯಲ್ಲಿ ನೋಡಲೆಂದೇ ಹತ್ತುವ ಜನಕ್ಕೆ ಕೊರತೆಯಿಲ್ಲ. ಗಂಗಾವತಿ ತಾಲ್ಲೂಕಿನ ಆನೆಗೊಂದಿ ಬಳಿಯ ಅಂಜನಾದ್ರಿಗೆ 575 ಮೆಟ್ಟಿಲುಗಳು. ಹನುಮನ ದರ್ಶನ ಮಾಡಿ ಬಂಡೆಯ ಅಂಚಿಗೆ ಬಂದವರಿಗೆ ತುಂಗಭದ್ರೆ, ಹಂಪಿಯ ಗೋಪುರಗಳು, ಹಸಿರು ಭತ್ತದ ಗದ್ದೆಗಳು ಒಟ್ಟಿಗೆ ಕಾಣುತ್ತವೆ. ಕೊಪ್ಪಳದಲ್ಲೇ ಗವಿಮಠದ ಬೆಟ್ಟ ಮತ್ತು ಪಾಲ್ಕಿಗುಂಡುಗಳಿವೆ. ಎರಡರಲ್ಲೂ ಅಶೋಕನ ಶಾಸನಗಳಿರುವುದರಿಂದ, ಎರಡು ಸಾವಿರ ವರ್ಷಗಳಿಗೂ ಹಿಂದೆ ಜನ ಈ ಎತ್ತರಗಳಿಗೆ ಬರುತ್ತಿದ್ದರೆಂಬುದು ಖಚಿತ. ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಿನಲ್ಲಿ ಈಗ ಎಲ್ಲಕ್ಕಿಂತ ಎತ್ತರಕ್ಕೆ ನಿಂತಿರುವವು ಗಾಳಿಯಂತ್ರಗಳು.

ಉಪಲಿ ಬುರುಜಿನಂಥ ಹೆಸರಾಂತ ಕಟ್ಟಡಗಳಿಗೆ ಕಾನೂನಿನ ರಕ್ಷಣೆಯಿದೆ, ಹಂಪಿ 1986ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಹಳ್ಳಿಯ ಹುಡೇವುಗಳಲ್ಲಿ ಬಹುಪಾಲಿಗೆ ಆ ಭಾಗ್ಯವಿಲ್ಲ. ಅವುಗಳ ಹಾಳಿಗೆ ಮುಖ್ಯ ಕಾರಣ ಮಳೆನೀರು. ತುದಿಯ ಗಾರೆ ಒಡೆದ ಕಡೆ ನೀರು ಒಳಗಿನ ಮಣ್ಣಿಗೆ ಇಳಿಯುತ್ತದೆ. ಮಣ್ಣು ಉಬ್ಬಿ ಹೊರಗಿನ ಕಲ್ಲನ್ನು ತಳ್ಳುತ್ತದೆ. ಬಿರುಕಿನಲ್ಲಿ ಬೇರೂರಿದ ಅರಳಿ, ಬೇವು ಉಳಿದದ್ದನ್ನು ಸೀಳುತ್ತವೆ. ಸಡಿಲಾದ ಕಲ್ಲು ಅಕ್ಕಪಕ್ಕದ ಮನೆಗಳ ಗೋಡೆಗೆ ಸೇರುತ್ತದೆ. ಇದನ್ನು ತಡೆಯಲು ಭಾರಿ ವೆಚ್ಚ ಬೇಕಿಲ್ಲ. ಸಸಿಯಿರುವಾಗಲೇ ಬೇರು ಕೀಳಬೇಕು, ತುದಿಗೆ ಸುಣ್ಣದ ಗಾರೆ ಹಾಕಿ ನೀರು ಹೊರಕ್ಕೆ ಹರಿಯಲು ಕಲ್ಲಿನ ದೋಣಿ ಇಡಬೇಕು. ಸಿಮೆಂಟು ಬಳಸಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಇನ್ನೂ ಬೇಗ ಬಾಯಿಬಿಡುತ್ತದೆ.