ಸಿಖ್ಖರ ಕಚ್ಛ: ಗೃಹಸ್ಥನ ದೀಕ್ಷಾವಸ್ತ್ರ

ಗದಗ ಸೀಮೆಯ ಹರ್ತಿ ಮೊದಲಾದ ಊರುಗಳಲ್ಲಿ ಒಕ್ಕಲಿಗನು ಹೊಲಕ್ಕಿಳಿಯುವ ಮುನ್ನ ಧೋತರದ ಕಚ್ಚೆಯನ್ನು ಬಿಗಿದು ಕಟ್ಟುತ್ತಿದ್ದುದನ್ನು ಹಿರಿಯರು ಬಲ್ಲರು. ಕಚ್ಚೆ ಸಡಿಲಾದವನಿಂದ ಕುಂಟೆಯೂ ನಡೆಯದು, ಕುಸ್ತಿಯೂ ಸಾಗದು. ಆದುದರಿಂದಲೇ ಒಂದು ಕಾರ್ಯಕ್ಕೆ ದೃಢಮನಸ್ಸಿನಿಂದ ತೊಡಗುವುದನ್ನು ‘ಕಚ್ಚೆ ಕಟ್ಟುವುದು’ ಎನ್ನುವರು. ಪರಸ್ತ್ರೀಯರ ವಿಷಯದಲ್ಲಿ ಶೀಲಗೆಟ್ಟವನನ್ನು ‘ಕಚ್ಚೆಹರುಕ’ನೆಂದು ಹಳಿಯುವರು. ಶೌರ್ಯ ಮತ್ತು ಶೀಲ ಎಂಬ ಎರಡು ಅರ್ಥಗಳು ಹೀಗೆ ಒಂದೇ ಅಂಚಿಗೆ ಗಂಟುಬಿದ್ದಿವೆ. ಇವೇ ಎರಡು ಅರ್ಥಗಳನ್ನು ಸಿಖ್ಖರು ಒಂದು ಉಡುಪಿನಲ್ಲಿ ಹೊಲಿದು, ಅದನ್ನು ಧರ್ಮದೀಕ್ಷೆಯ ಚಿಹ್ನವನ್ನಾಗಿ ಮಾಡಿಕೊಂಡಿರುವರು. ಅದಕ್ಕೆ ‘ಕಚ್ಛ’ ಅಥವಾ ‘ಕಛಹಿರಾ’ ಎಂದು ಹೆಸರು.

ಈ ಹೆಸರು ಸಂಸ್ಕೃತದ ‘ಕಚ್ಛ’ ಶಬ್ದದ ಕುಲಕ್ಕೆ ಸೇರಿದುದು. ಸೊಂಟಕ್ಕೆ ಸಿಕ್ಕಿಸುವ ಉಡುಗೆಯ ಸೆರಗೇ ಕಚ್ಛವು. ವೈದಿಕ ಆಚಾರದಲ್ಲಿ ಅದು ಗೃಹಸ್ಥನ ಲಕ್ಷಣ. ಪಂಚಕಚ್ಛವನ್ನುಟ್ಟೇ ಆತನು ಪೂಜೆಗೆ ಕೂಡುವನು. ಸಂನ್ಯಾಸಿಯಾದರೋ ಕಚ್ಛವನ್ನು ಬಿಟ್ಟು ‘ಮುಕ್ತಕಚ್ಛ’ನಾಗುವನು. ಲೋಕದ ಹೊಣೆಯನ್ನು ಹೊತ್ತವನಿಗೆ ಕಚ್ಛವುಂಟು, ಇಳಿಸಿದವನಿಗೆ ಇಲ್ಲ ಎಂಬುದೇ ಇದರ ತಾತ್ಪರ್ಯವು. ಸಿಖ್ಖರ ಉಡುಪಿನ ಮರ್ಮವನ್ನು ತಿಳಿಯಲು ಈ ಭೇದವನ್ನು ನೆನಪಿನಲ್ಲಿಡತಕ್ಕದ್ದು.

ಕ್ರಿ. ಶ. ೧೬೯೯ರ ವೈಶಾಖಿಯ ದಿವಸ ಆನಂದಪುರದಲ್ಲಿ ಗುರು ಗೋವಿಂದಸಿಂಹರು ನೆರೆದ ಸಭೆಯ ಮುಂದೆ ಖಡ್ಗವನ್ನು ಹಿರಿದು ನಿಂತು, ಧರ್ಮಕ್ಕಾಗಿ ತಲೆಯನ್ನೀಯುವವರು ಯಾರೆಂದು ಕೇಳಿದರು. ಒಬ್ಬೊಬ್ಬರಾಗಿ ಐವರು ಎದ್ದು ಬಂದರು. ಅವರಿಗೆ ಅಮೃತವನ್ನು ಕುಡಿಯಿಸಿ ಗುರುಗಳು ಖಾಲಸಾ ಪಂಥವನ್ನು ಸ್ಥಾಪಿಸಿದರು. ಕೇಶ, ಕಂಘಾ ಎಂಬ ಬಾಚಣಿಗೆ, ಕಡಾ ಎಂಬ ಉಕ್ಕಿನ ಬಳೆ, ಕೃಪಾಣ, ಕಚ್ಛ ಎಂಬ ಐದು ಕಕಾರಗಳನ್ನು ಅಂದೇ ವಿಧಿಸಿದರೆಂದು ಸಿಖ್ಖರ ನಂಬಿಕೆ. ಈ ಐದರ ಪಟ್ಟಿಯು ಇಂದಿನ ರೂಪದಲ್ಲಿ ನೆಲೆಗೊಂಡುದು ೧೯ನೆಯ ಶತಮಾನದ ಸಿಂಘಸಭೆಯ ಕಾಲದಲ್ಲಿ ಎಂದು ಕೆಲವು ಇತಿಹಾಸಜ್ಞರ ಮತವು. ಅದೆಂತಾದರೂ ಕಚ್ಛದ ಅರ್ಥಕ್ಕೆ ಅದರಿಂದ ಬಾಧೆಯಿಲ್ಲ.

ಆಕಾರದಲ್ಲಿ ಕಚ್ಛವು ನಮ್ಮ ಕಡೆಯ ಚಣ್ಣದಂತೆ ಇರುವುದು. ಮೊಳಕಾಲಿನವರೆಗೆ ಬರುವ ಸಡಿಲಾದ ಹೊಲಿಗೆ, ಸೊಂಟಕ್ಕೆ ಲಾಡಿ. ಅದನ್ನುಟ್ಟವನು ಓಡಬಲ್ಲನು, ಕುದುರೆಯನ್ನೇರಬಲ್ಲನು, ಯಾವ ಗಳಿಗೆಯಲ್ಲಾದರೂ ಯುದ್ಧಕ್ಕೆ ನಿಲ್ಲಬಲ್ಲನು. ಇದು ಮೊದಲನೆಯ ಅರ್ಥವು. ಎರಡನೆಯದು ಇಂದ್ರಿಯನಿಗ್ರಹ. ೧೯೪೫ರಲ್ಲಿ ಅಂಗೀಕೃತವಾದ ‘ಸಿಖ್ ರಹಿತ ಮರ್ಯಾದಾ’ ಎಂಬ ಆಚಾರಸಂಹಿತೆಯು ದೀಕ್ಷಿತರಿಗೆ ನಿಷೇಧಿಸಿದ ನಾಲ್ಕು ಮಹಾದೋಷಗಳಲ್ಲಿ ದಾಂಪತ್ಯದ ಹೊರಗಿನ ಸಂಗವೂ ಒಂದು. ಕಚ್ಛವು ಈ ವ್ರತವನ್ನು ಅನುದಿನವೂ ನೆನಪಿಸುವುದು. ನಿಷ್ಠಾವಂತರು ಅದನ್ನು ಬದಲಿಸುವಾಗಲೂ ಪೂರ್ಣವಾಗಿ ಕಳೆಯರು. ಒಂದು ಕಾಲನ್ನು ಹೊಸದರಲ್ಲಿ ಇಟ್ಟ ಮೇಲೆಯೇ ಇನ್ನೊಂದು ಕಾಲನ್ನು ಹಳೆಯದರಿಂದ ತೆಗೆಯುವರು.

ಇಲ್ಲಿ ನಿಗ್ರಹವೆಂದರೆ ಸಂಸಾರತ್ಯಾಗವಲ್ಲ. ಸಿಖ್ಖ ಗುರುಗಳು ಸಂನ್ಯಾಸವನ್ನು ಮನ್ನಿಸಲಿಲ್ಲ. ದುಡಿದು, ಹಂಚಿ ಉಂಡು, ಮನೆಯಲ್ಲಿದ್ದೇ ದೇವರನ್ನು ನೆನೆಯೆಂದರು. ಕೌಪೀನವು ಮನೆಯನ್ನು ಬಿಟ್ಟವನ ವ್ರತವಾದರೆ ಕಚ್ಛವು ಮನೆಯಲ್ಲಿ ನಿಂತವನ ವ್ರತವು. ಮಡಿಯ ಆಚಾರದಲ್ಲಿ ಹೊಲಿದ ಬಟ್ಟೆಯು ಪೂಜೆಗೆ ಸಲ್ಲದು. ಖಾಲಸಾದ ಕಚ್ಛವೋ ಹೊಲಿದುದೇ ಆಗಿದೆ. ಅದನ್ನು ಪ್ರಾರ್ಥನೆಗಾಗಿಯೂ ಕಳೆಯಬೇಕಿಲ್ಲ, ಹೊಲಗೆಲಸಕ್ಕಾಗಿಯೂ ಕಳೆಯಬೇಕಿಲ್ಲ.

ಈ ವೃತ್ತಾಂತವು ಪಂಜಾಬಕ್ಕೆ ಮಾತ್ರ ಸೇರಿದುದೆಂದು ಕನ್ನಡಿಗರು ತಿಳಿಯಬಾರದು. ಮೇಲೆ ಹೇಳಿದ ಐವರಲ್ಲಿ ಒಬ್ಬನು ಬೀದರದ ಸಾಹಿಬಚಂದನು; ಜಾತಿಯಿಂದ ಕ್ಷೌರಿಕನೆಂದು ಸಿಖ್ಖ ಪರಂಪರೆಯು ಹೇಳುತ್ತದೆ. ಉಳಿದವರು ಲಾಹೋರದ ಖತ್ರಿ, ಹಸ್ತಿನಾಪುರದ ಜಾಟ, ಜಗನ್ನಾಥಪುರಿಯ ನೀರು ಹೊರುವವ, ದ್ವಾರಕೆಯ ಬಟ್ಟೆಗೆ ಅಚ್ಚುಹಾಕುವವ. ಐವರೂ ಒಂದೇ ಪಾತ್ರೆಯಿಂದ ಕುಡಿದರು. ಬಳಿಕ ಗುರುಗಳು ಕೈಮುಗಿದು ಆ ಐವರಿಂದಲೇ ತಾವೂ ದೀಕ್ಷೆಯನ್ನು ಪಡೆದರು. ಕೇಶವನ್ನು ಕತ್ತರಿಸಬಾರದೆಂಬ ಪಂಥವನ್ನು ಹೊಕ್ಕ ಕ್ಷೌರಿಕನು ತನ್ನ ಕುಲದ ಕತ್ತಿಯನ್ನು ಕೆಳಗಿಟ್ಟು ಬೇರೊಂದು ಕತ್ತಿಯನ್ನು ಹಿಡಿದನು. ಸಾಹಿಬಸಿಂಹನೆನಿಸಿ ಚಮಕೌರದ ಕಾಳಗದಲ್ಲಿ ಮಡಿದನು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರನ್ನು ಕಂಡ ಕಲ್ಯಾಣವೂ ಇಂದಿನ ಬೀದರ ಜಿಲ್ಲೆಯಲ್ಲಿಯೇ ಇರುವುದನ್ನು ನೆನೆದರೆ, ಆ ನೆಲಕ್ಕೆ ಇಂತಹ ಸಮತೆಯು ಹೊಸದಲ್ಲವೆಂದು ತೋರುವುದು.

ಕಚ್ಛವು ಗಂಡಸರಿಗೆ ಮಾತ್ರ ಮೀಸಲಲ್ಲ. ದೀಕ್ಷಿತೆಯಾದ ಸ್ತ್ರೀಗೂ ಅದೇ ಉಡುಪು, ಅದೇ ನಿಯಮ. ೧೭೦೫ರ ಮುಕ್ತಸರದ ಯುದ್ಧದಲ್ಲಿ ಹೋರಾಡಿದ ಮಾಯಿ ಭಾಗೋ ಎಂಬ ವೀರಸ್ತ್ರೀಯು ಅನಂತರ ಪುರುಷವೇಷದಿಂದ ಗುರುಗಳ ಅಂಗರಕ್ಷಕರಲ್ಲಿ ಒಬ್ಬಳಾಗಿದ್ದಳು. ೧೭೦೮ರಲ್ಲಿ ನಾಂದೇಡಿನಲ್ಲಿ ಗುರುಗಳು ದಿವಂಗತರಾದ ತರುವಾಯ ಆಕೆಯು ಬೀದರದ ಸಮೀಪದ ಜನವಾಡದಲ್ಲಿ ನೆಲೆಸಿ ಅಲ್ಲಿಯೇ ದೇಹವಿಟ್ಟಳೆಂದು ಪ್ರತೀತಿ. ಅಲ್ಲಿ ಆಕೆಯ ಹೆಸರಿನ ಗುರುದ್ವಾರವಿದೆ.

ಕನ್ನಡ ನಾಡಿನಿಂದ ಒಬ್ಬ ಕ್ಷೌರಿಕನು ಈ ವ್ರತವನ್ನು ಕೊಳ್ಳಲು ಹೊರಟುಹೋದನು. ಆ ವ್ರತವನ್ನು ಉಟ್ಟಿದ್ದ ಸ್ತ್ರೀಯೊಬ್ಬಳು ಇದೇ ನಾಡಿಗೆ ಬಂದು ಮಣ್ಣಾದಳು. ಉಡುಪಿನ ಕೊಂಚತನವನ್ನು ಕಂಡು ನಗುವವರು ತಮ್ಮ ಮಾತಿನಲ್ಲಿಯೇ ಇರುವ ‘ಕಚ್ಚೆ’ಯನ್ನು ಒಮ್ಮೆ ನೆನೆಯಲಿ. ಕನ್ನಡಿಗನು ಶೀಲ ಕೆಟ್ಟಾಗ ನಿಂದೆಗಾಗಿ ಎತ್ತುವ ಶಬ್ದವನ್ನು ಖಾಲಸಾ ಜನರು ಶೀಲವನ್ನು ಕಾಯಲೆಂದು ದಿನವೂ ಉಟ್ಟಿರುವರು.